ಓಡುವಾಗ ಏದುಸಿರು ಬರುವುದು ಆಮ್ಲಜನಕ ಸಾಲದೆಯೇ?

ಪ್ರಶ್ನೆ: ನನಗೆ 46 ವರ್ಷ. ಸುಮಾರು ಇಪ್ಪತ್ತು ವರ್ಷಗಳಿಂದ ಕುಳಿತೇ ಮಾಡುವ ಕೆಲಸ. ಮೂರು ವಾರಗಳ ಹಿಂದೆ ದಿನಕ್ಕೆ ಅರ್ಧ ಗಂಟೆ ನಿಧಾನವಾಗಿ ಓಡುವುದನ್ನು ಆರಂಭಿಸಿದ್ದೇನೆ. ಮೊದಲ ನಾಲ್ಕೈದು ನಿಮಿಷ ಉಸಿರು ಕಟ್ಟಿದಂತಾಗುತ್ತದೆ, ಆಮೇಲೆ ತಾನಾಗಿಯೇ ಸಲೀಸಾಗುತ್ತದೆ. ಓಟ ನಿಲ್ಲಿಸಿದ ಮೇಲೂ ಕೆಲವು ನಿಮಿಷ ಏದುಸಿರು ಅಡಗುವುದಿಲ್ಲ. ಮೊನ್ನೆ ಏದುತ್ತಿರುವಾಗಲೇ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದರೆ ಅದು 97 ತೋರಿಸಿತು. ಆಮ್ಲಜನಕ ಅಷ್ಟಿರುವಾಗ ಏದುಸಿರು ಏಕೆ? ನನ್ನ ಶ್ವಾಸಕೋಶ ದುರ್ಬಲವಾಗಿದೆ, ಮೂಗಿನಿಂದ ಮಾತ್ರ ಉಸಿರಾಡಿ ದೀರ್ಘ ಉಸಿರಿನ ಅಭ್ಯಾಸ ಮಾಡಿದರೆ ಅದು ಹಿಗ್ಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಆ 97 ಎಂಬ ಅಂಕಿ, ಅಂದರೆ ರಕ್ತ ಆಮ್ಲಜನಕದಿಂದ ಶೇಕಡಾ ಎಷ್ಟು ತುಂಬಿದೆ ಎಂಬ ಅಳತೆ. ಓಡುವಾಗ ಏದುಸಿರು ಬಂದರೆ ದೇಹಕ್ಕೆ ಆಮ್ಲಜನಕ ಸಾಲದಾಗಿದೆ ಎಂದು ಬಹುತೇಕ ಎಲ್ಲರೂ ತಿಳಿದಿರುತ್ತಾರೆ. ನೀವು ಅಷ್ಟಕ್ಕೇ ಸುಮ್ಮನಾಗದೆ ಅಳೆದು ನೋಡಿದಿರಿ, ಅಳತೆ ಆ ತಿಳಿವಳಿಕೆಗೆ ಹೊಂದದಿದ್ದಾಗ ಕಾರಣ ಕೇಳಿದಿರಿ. ಬೆರಳು ಅಲುಗಾಡುತ್ತಿದ್ದರೆ ಅಥವಾ ತಣ್ಣಗಿದ್ದರೆ ಈ ಉಪಕರಣ ತಪ್ಪು ತೋರಿಸುವುದುಂಟು. ಆದರೆ ನಿಮಗೆ ಸಿಕ್ಕಿದ್ದು ಸಿಗಬೇಕಾದ ಅಂಕಿಯೇ. ಬಹಳ ಎತ್ತರದ ಬೆಟ್ಟಪ್ರದೇಶವಲ್ಲದ ಕಡೆಯಲ್ಲಿ ಆರೋಗ್ಯವಂತರೊಬ್ಬರು ಎಷ್ಟೇ ಏದುತ್ತ ಓಡಿದರೂ ಅವರ ಅಪಧಮನಿಗಳ ರಕ್ತ ಆಮ್ಲಜನಕದಿಂದ ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಅತಿ ಉನ್ನತ ಮಟ್ಟದ ಕೆಲವು ಓಟಗಾರರಲ್ಲಿ ಮಾತ್ರ, ಹೃದಯವು ರಕ್ತವನ್ನು ಶ್ವಾಸಕೋಶದ ಮೂಲಕ ಅತಿ ವೇಗವಾಗಿ ಹಾಯಿಸುವುದರಿಂದ, ಅದು ಪೂರ್ತಿ ತುಂಬಿಕೊಳ್ಳಲು ಸಮಯ ಸಾಲದೆ ಹೋಗುತ್ತದೆ. ನಮ್ಮ ನಿಮ್ಮಂಥವರಿಗೆ ಆ ಸ್ಥಿತಿ ಬರುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಓದಬೇಕು: ನೀವು ಏದುತ್ತಿದ್ದುದರಿಂದಲೇ ಆ ಅಂಕಿ 97ರಲ್ಲಿ ನಿಂತಿತ್ತು. ಕೊರತೆ ಉಂಟಾದ ಮೇಲೆ ಬರುವ ಉಸಿರಲ್ಲ ಅದು, ಕೊರತೆ ಉಂಟಾಗದಂತೆ ದೇಹ ಮೊದಲೇ ಮಾಡಿಕೊಳ್ಳುವ ಏರ್ಪಾಡು.

ಮೊದಲು ಶ್ವಾಸಕೋಶದ ಮೇಲಿರುವ ಆಪಾದನೆಯನ್ನು ನೋಡೋಣ. ಸುಮ್ಮನೆ ಕುಳಿತಿರುವ ವಯಸ್ಕರು ನಿಮಿಷಕ್ಕೆ 12ರಿಂದ 16 ಬಾರಿ, ಪ್ರತಿ ಬಾರಿ ಸುಮಾರು ಅರ್ಧ ಲೀಟರಿನಂತೆ, ಒಟ್ಟು 6ರಿಂದ 8 ಲೀಟರ್ ಗಾಳಿಯನ್ನು ಒಳಗೆಳೆದು ಹೊರಬಿಡುತ್ತಾರೆ. ಅದೇ ವ್ಯಕ್ತಿ ತನ್ನ ಶಕ್ತಿಯೆಲ್ಲ ಹಾಕಿ ಓಡುವಾಗ ಉಸಿರು ನಿಮಿಷಕ್ಕೆ 40ರಿಂದ 50 ಬಾರಿ ಆಗುತ್ತದೆ, ಒಂದೊಂದು ಉಸಿರೂ ಎರಡು ಲೀಟರ್ ದಾಟುತ್ತದೆ, ನಿಮಿಷದ ಒಟ್ಟು ಮೊತ್ತ 100 ಲೀಟರನ್ನೂ ಮೀರುತ್ತದೆ. ಅಂದರೆ ಗಾಳಿಯ ಓಡಾಟ ಹನ್ನೆರಡು ಹದಿನೈದು ಪಟ್ಟು ಏರುತ್ತದೆ. ಇಷ್ಟಾದ ಮೇಲೂ ಸಾಮಾನ್ಯ ವ್ಯಕ್ತಿಯ ಎದೆಗೂಡು ಇನ್ನೂ ಹೆಚ್ಚು ಗಾಳಿಯಾಡಿಸಬಲ್ಲದು; ಅದರ ಸಾಮರ್ಥ್ಯದಲ್ಲಿ ಒಂದು ಪಾಲು ಬಳಕೆಯಾಗದೆ ಉಳಿದಿರುತ್ತದೆ. ಶ್ವಾಸಕೋಶದೊಳಗಿನ ಗಾಳಿಗೂಡುಗಳ ಸಂಖ್ಯೆ ಹತ್ತಾರು ಕೋಟಿ. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಅಥವಾ ಅದಕ್ಕೂ ಹೆಚ್ಚಿನ ಜಾಗವಾಗುತ್ತದೆ, ಮತ್ತು ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ವಿಶ್ರಾಂತಿಯಲ್ಲಿ ರಕ್ತಕಣವೊಂದು ಈ ಜಾಗವನ್ನು ದಾಟಲು ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ಆಮ್ಲಜನಕ ತುಂಬಿಕೊಳ್ಳಲು ಅದಕ್ಕೆ ಬೇಕಾದದ್ದು ಅದರ ಮೂರರಲ್ಲೊಂದು ಪಾಲು ಸಮಯ ಮಾತ್ರ. ಓಡುವಾಗ ರಕ್ತದ ವೇಗ ಹೆಚ್ಚಿದರೂ ತುಂಬಿಕೊಳ್ಳುವುದು ತಪ್ಪದಿರುವುದು ಈ ಉಳಿಕೆ ಸಮಯದಿಂದ. ಕಾಯಿಲೆಯಿಲ್ಲದ ಶ್ವಾಸಕೋಶವನ್ನು ದುರ್ಬಲ ಎನ್ನುವುದು ಅದಕ್ಕೆ ಮಾಡುವ ಅನ್ಯಾಯ.

ಹಾಗಾದರೆ ಉಸಿರನ್ನು ಏರಿಸುವುದು ಯಾವುದು? ಈ ಪ್ರಶ್ನೆ ಶರೀರಕ್ರಿಯಾ ಶಾಸ್ತ್ರವನ್ನು ನೂರು ವರ್ಷಗಳಿಗೂ ಹೆಚ್ಚು ಕಾಲ ಕಾಡಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1905ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ಇಬ್ಬರು ವಿಜ್ಞಾನಿಗಳು, ಉಸಿರಾಟವನ್ನು ಕ್ಷಣಕ್ಷಣಕ್ಕೂ ಹಿಡಿತದಲ್ಲಿಡುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್, ಆಮ್ಲಜನಕವಲ್ಲ ಎಂದು ತೋರಿಸಿದರು. ಅಪಧಮನಿಯ ರಕ್ತದಲ್ಲಿ ಈ ಅನಿಲದ ಒತ್ತಡ ಸುಮಾರು 40 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದು ಒಂದೇ ಒಂದು ಮಿಲಿಮೀಟರ್ ಏರಿದರೂ ನಿಮಿಷದ ಉಸಿರು ಎರಡು ಮೂರು ಲೀಟರ್ ಹೆಚ್ಚುತ್ತದೆ. ಆಮ್ಲಜನಕದ ಒತ್ತಡವಾದರೋ ಸುಮಾರು 100 ಮಿಲಿಮೀಟರಿನಿಂದ 60ರ ಆಸುಪಾಸಿಗೆ ಕುಸಿಯುವವರೆಗೂ ಉಸಿರಾಟದ ಕೇಂದ್ರವನ್ನು ಅಷ್ಟಾಗಿ ಕೆಣಕುವುದೇ ಇಲ್ಲ. ಉಸಿರು ಬಿಗಿಹಿಡಿದಾಗ ಇನ್ನು ತಾಳಲಾರೆ ಎನಿಸುವ ಆ ಕ್ಷಣವನ್ನು ತರುವುದೂ ಹೆಚ್ಚಾಗಿ ಮೇಲೇರಿದ ಇಂಗಾಲದ ಡೈಆಕ್ಸೈಡೇ.

ಇಲ್ಲಿಗೆ ಉತ್ತರ ಸಿಕ್ಕಿತು ಎನಿಸಬಹುದು: ಓಡುವಾಗ ಸ್ನಾಯುಗಳು ಹತ್ತು ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಉತ್ಪಾದಿಸುತ್ತವೆ, ಅದು ರಕ್ತದಲ್ಲಿ ಏರುತ್ತದೆ, ಉಸಿರು ಹೆಚ್ಚುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷವೂ ಹೀಗೆಯೇ ಹೇಳುತ್ತಾರೆ, ಮತ್ತು ಅಳತೆಗಳನ್ನು ಮುಂದಿಟ್ಟಾಗ ಬೆರಗಾಗುತ್ತಾರೆ. ಸಾಧಾರಣ ವೇಗದ ಓಟದಲ್ಲಿ ಅಪಧಮನಿಯ ರಕ್ತದ ಇಂಗಾಲದ ಡೈಆಕ್ಸೈಡ್ ಏರುವುದೇ ಇಲ್ಲ, 40ರ ಹತ್ತಿರವೇ ನಿಂತಿರುತ್ತದೆ. ಬಹಳ ಬಿರುಸಿನ ಓಟದಲ್ಲಿ ಅದಕ್ಕಿಂತ ಕೆಳಗೂ ಇಳಿಯುತ್ತದೆ. ಸ್ನಾಯುಗಳು ಎಷ್ಟು ಉತ್ಪಾದಿಸುತ್ತವೆಯೋ ಅಷ್ಟನ್ನೂ ಉಸಿರು ಆಗಿಂದಾಗಲೇ ಹೊರಹಾಕಿಬಿಡುತ್ತದೆ. ತಪ್ಪು ಘಟಿಸುವ ಮೊದಲೇ ತಿದ್ದುಪಡಿ ನಡೆದುಹೋಗಿರುತ್ತದೆ. ಹಾಗಾದರೆ ಎಷ್ಟು ಉಸಿರಾಡಬೇಕೆಂದು ದೇಹಕ್ಕೆ ಹೇಳಿದವರು ಯಾರು?

ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಮತ್ತು ಯೋಹಾನೆಸ್ ಲಿಂಡ್‌ಹಾರ್ಡ್ 1913ರಲ್ಲಿ ಇದಕ್ಕೆ ಒಂದು ಸುಳಿವು ಕೊಟ್ಟರು. ವ್ಯಾಯಾಮ ಆರಂಭವಾದ ಆ ಕ್ಷಣದಲ್ಲೇ, ಮೊದಲ ಉಸಿರಿನಲ್ಲೇ, ಉಸಿರಾಟವೂ ನಾಡಿಯೂ ಒಮ್ಮೆಗೇ ಮೇಲಕ್ಕೆ ಜಿಗಿಯುವುದನ್ನು ಅವರು ಗುರುತಿಸಿದರು. ಕಾಲಿನ ಸ್ನಾಯುಗಳಿಂದ ಹೊರಟ ರಕ್ತ ಹೃದಯ, ಶ್ವಾಸಕೋಶಗಳನ್ನು ದಾಟಿ ಮಿದುಳಿನ ಹತ್ತಿರ ಬರಲು ಹಲವು ಸೆಕೆಂಡುಗಳಾದರೂ ಬೇಕು. ಹಾಗಿದ್ದಮೇಲೆ ಈ ಜಿಗಿತದ ಸಂದೇಶ ರಕ್ತದಲ್ಲಿ ಬಂದಿರಲಾರದು, ನರಗಳಲ್ಲೇ ಬಂದಿರಬೇಕು. ಓಡು ಎಂದು ಕಾಲಿಗೆ ಆಜ್ಞೆ ಕೊಡುವ ಮಿದುಳು ಅದೇ ಹೊತ್ತಿಗೆ ಉಸಿರಾಟದ ಕೇಂದ್ರಕ್ಕೂ ಹೃದಯಕ್ಕೂ ಆ ಆಜ್ಞೆಯ ಒಂದು ಪ್ರತಿಯನ್ನು ಕಳುಹಿಸುತ್ತದೆ ಎಂದು ಈಗ ನಾವು ತಿಳಿಯುತ್ತೇವೆ. ಅದರ ಜೊತೆಗೆ ದುಡಿಯುವ ಸ್ನಾಯು ಮತ್ತು ಕೀಲುಗಳಿಂದ ಹೊರಡುವ ತೆಳುವಾದ ನರಗಳು ಎಷ್ಟು ಕೆಲಸ ನಡೆಯುತ್ತಿದೆ ಎಂಬ ವರದಿಯನ್ನು ಎಡೆಬಿಡದೆ ಮೇಲಕ್ಕೆ ಒಯ್ಯುತ್ತವೆ. ನೀವು ಸುಮ್ಮನೆ ಕುಳಿತಿರುವಾಗ ಬೇರೊಬ್ಬರು ನಿಮ್ಮ ಕಾಲುಗಳನ್ನು ಹಿಡಿದು ಆಡಿಸಿದರೂ ಉಸಿರು ಸ್ವಲ್ಪ ಏರುತ್ತದೆ. ಇವೆರಡು ಸೇರಿ ಉಸಿರಿಗೆ ಒಂದು ಅಂದಾಜಿನ ಮಟ್ಟವನ್ನು ಗೊತ್ತುಮಾಡುತ್ತವೆ. ಆ ಅಂದಾಜಿನಲ್ಲಿ ಉಳಿಯುವ ಚಿಕ್ಕ ವ್ಯತ್ಯಾಸವನ್ನು ಸರಿಪಡಿಸುವುದು ರಕ್ತದ ರಾಸಾಯನಿಕ ಸ್ಥಿತಿಯನ್ನು ಸವಿನೋಡುವ ಸಂವೇದಕಗಳ ಕೆಲಸ. ಅವುಗಳಲ್ಲಿ ಒಂದು ಜೋಡಿ ಕತ್ತಿನ ಎರಡೂ ಬದಿಯಲ್ಲಿ, ಮಿದುಳಿಗೆ ರಕ್ತ ಒಯ್ಯುವ ಅಪಧಮನಿಗಳು ಕವಲೊಡೆಯುವ ಕಡೆ ಇದೆ. ಉಸಿರಾಟದಲ್ಲಿ ಅವುಗಳ ಪಾತ್ರವನ್ನು ಕಂಡುಹಿಡಿದ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ದೊರೆಯಿತು. ಎಷ್ಟೋ ವರ್ಷಗಳಿಂದ ಈ ವಿಷಯವನ್ನು ಕಲಿಸುತ್ತಿದ್ದರೂ, ಕಾಲು ಎತ್ತುವಷ್ಟರಲ್ಲೇ ಉಸಿರು ಸಿದ್ಧವಾಗಿ ನಿಲ್ಲುವ ಈ ಹೊಂದಾಣಿಕೆಯ ಬಗ್ಗೆ ನನಗಿರುವ ಅಚ್ಚರಿ ಕಡಿಮೆಯಾಗಿಲ್ಲ.

ಈಗ ನಿಮ್ಮ ಮೊದಲ ನಾಲ್ಕೈದು ನಿಮಿಷಗಳಿಗೆ ಬರೋಣ. ನೀವು ಓಟಕ್ಕೆ ಅಡಿಯಿಟ್ಟ ಕ್ಷಣದಲ್ಲೇ ಸ್ನಾಯುಗಳ ಶಕ್ತಿಯ ಬೇಡಿಕೆ ಪೂರ್ಣ ಮಟ್ಟಕ್ಕೆ ಏರಿಬಿಡುತ್ತದೆ. ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ವ್ಯವಸ್ಥೆ ಮಾತ್ರ ಅಷ್ಟು ಬೇಗ ಏರಲಾರದು; ಹಗುರವಾದ ಕೆಲಸದಲ್ಲೂ ಅದು ತಕ್ಕ ಮಟ್ಟ ಮುಟ್ಟಲು ಎರಡು ಮೂರು ನಿಮಿಷ ಹಿಡಿಯುತ್ತದೆ, ರೂಢಿಯಿಲ್ಲದವರಲ್ಲಿ ಇನ್ನೂ ತಡವಾಗುತ್ತದೆ. ನಡುವಿನ ಅವಧಿಯ ಖರ್ಚನ್ನು ಸ್ನಾಯು ತನ್ನ ಗಂಟಿನಿಂದಲೇ ಭರಿಸಬೇಕು. ಸ್ನಾಯು ನೇರವಾಗಿ ಖರ್ಚು ಮಾಡುವ ಶಕ್ತಿಯ ಅಣುವಾದ ಎಟಿಪಿ ಅದರಲ್ಲಿ ಸಂಗ್ರಹವಾಗಿರುವುದು ಎರಡು ಮೂರು ಸೆಕೆಂಡಿಗೆ ಸಾಕು, ಎಟಿಪಿಯನ್ನು ಥಟ್ಟನೆ ಮರುತುಂಬುವ ಕ್ರಿಯೇಟಿನ್ ಫಾಸ್ಫೇಟ್ ಬಿರುಸಿನ ಕೆಲಸದಲ್ಲಿ ಇನ್ನೊಂದು ಹತ್ತು ಸೆಕೆಂಡು ಎಳೆಯುತ್ತದೆ, ಉಳಿದದ್ದಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜನ್ನನ್ನು ಆಮ್ಲಜನಕವಿಲ್ಲದೆಯೇ ಒಡೆಯಬೇಕಾಗುತ್ತದೆ. ಹಾಗೆ ಒಡೆದಾಗ ಲ್ಯಾಕ್ಟೇಟ್ ಉಂಟಾಗುತ್ತದೆ, ಸ್ನಾಯು ಮತ್ತು ರಕ್ತದ ಆಮ್ಲೀಯತೆ ಏರುತ್ತದೆ, ಮತ್ತು ಆಮ್ಲೀಯತೆ ಏರಿದ್ದನ್ನು ಉಸಿರಾಟದ ಕೇಂದ್ರ ಬಹಳ ಬೇಗ ಗಮನಿಸುತ್ತದೆ. ಸರಿಯಾದ ಸಿದ್ಧತೆಯಿಲ್ಲದೆ ನಿಂತಲ್ಲಿಂದ ನೇರವಾಗಿ ಓಟಕ್ಕೆ ಇಳಿದಾಗ ನಿಮಗೆ ಉಸಿರು ಕಟ್ಟಿದಂತಾಗುವುದರ ಹಿಂದೆ ಇರುವುದು ಬೇಡಿಕೆ ಮತ್ತು ಪೂರೈಕೆಗಳ ನಡುವಿನ ಈ ಅಂತರ.

ಆಮೇಲೆ ಸಲೀಸಾಗುವುದಕ್ಕೂ ಸ್ಪಷ್ಟವಾದ ಕಾರಣಗಳಿವೆ. ಕೆಲವು ನಿಮಿಷಗಳಲ್ಲಿ ಸ್ನಾಯುಗಳ ಚಿಕ್ಕ ರಕ್ತನಾಳಗಳು ಅಗಲವಾಗಿ ತೆರೆದುಕೊಳ್ಳುತ್ತವೆ, ಅಡ್ರಿನಲಿನ್ ಪ್ರಭಾವದಿಂದ ಗಾಳಿಯ ಕೊಳವೆಗಳು ಸ್ವಲ್ಪ ಹಿಗ್ಗುತ್ತವೆ, ಸ್ನಾಯು ಬಿಸಿಯಾಗುತ್ತದೆ. ನಾವು ತಿಂದ ಆಹಾರದ ಶಕ್ತಿಯಲ್ಲಿ ಸ್ನಾಯು ಚಲನೆಗೆ ತಿರುಗಿಸಬಲ್ಲದ್ದು ನಾಲ್ಕರಲ್ಲೊಂದು ಪಾಲು ಅಥವಾ ಅದಕ್ಕಿಂತ ಕಡಿಮೆ, ಉಳಿದದ್ದೆಲ್ಲ ಶಾಖವಾಗುತ್ತದೆ. ಆ ಶಾಖವೂ ವ್ಯರ್ಥವಲ್ಲ: ಬಿಸಿಯೂ ಆಮ್ಲೀಯವೂ ಆದ ಸ್ನಾಯುವಿನ ಮೂಲಕ ಹಾಯುವಾಗ ಹಿಮೋಗ್ಲೋಬಿನ್ ತನ್ನಲ್ಲಿರುವ ಆಮ್ಲಜನಕವನ್ನು ಹೆಚ್ಚು ಸುಲಭವಾಗಿ ಬಿಟ್ಟುಕೊಡುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದಲ್ಲಿ ಹೀಗಾಗುವುದನ್ನು 1904ರಲ್ಲಿ ಕ್ರಿಶ್ಚಿಯನ್ ಬೋರ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದ್ದರು. ಎಲ್ಲಿ ಕೆಲಸ ಹೆಚ್ಚು ನಡೆಯುತ್ತಿದೆಯೋ ಅಲ್ಲೇ ಸರಕು ಹೆಚ್ಚು ಇಳಿಯುವಂತೆ ಇರುವ ಈ ಏರ್ಪಾಡಿಗೆ ಯಾವ ಆಜ್ಞೆಯೂ ಬೇಕಿಲ್ಲ. ಪೂರೈಕೆ ಬೇಡಿಕೆಯನ್ನು ಹಿಡಿದ ಮೇಲೆ ಹೊಸದಾಗಿ ಸೇರುವ ಲ್ಯಾಕ್ಟೇಟ್ ಕಡಿಮೆಯಾಗುತ್ತದೆ, ಈ ಮೊದಲು ಸೇರಿದ್ದನ್ನು ಹೃದಯವೂ ಇತರ ಸ್ನಾಯುಗಳೂ ಇಂಧನವಾಗಿ ಬಳಸತೊಡಗುತ್ತವೆ, ಉಸಿರು ಒಂದು ಮಟ್ಟದಲ್ಲಿ ನೆಲೆನಿಲ್ಲುತ್ತದೆ. ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ, ಓಟದ ಮುಂಚೆ ಎಂಟು ಹತ್ತು ನಿಮಿಷ ನಡೆಯಿರಿ. ನಡಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಚುರುಕುಗೊಳಿಸಿ, ಓಟ ಯಾವಾಗ ಆರಂಭವಾಯಿತೆಂದು ತಿಳಿಯದಷ್ಟು ಮೆಲ್ಲಗೆ ಓಟಕ್ಕೆ ಬನ್ನಿ. ಆ ನಾಲ್ಕೈದು ನಿಮಿಷಗಳ ಕಷ್ಟ ಬಹುಪಾಲು ಕರಗಿಹೋಗುತ್ತದೆ.

ನಿಲ್ಲಿಸಿದ ಮೇಲಿನ ಏದುಸಿರಿಗೆ ಬಹಳ ಹಿಂದೆಯೇ ಆಮ್ಲಜನಕದ ಸಾಲ ಎಂಬ ಹೆಸರು ಬಂದಿತ್ತು. ಸ್ನಾಯುಗಳ ಶಾಖದ ಅಧ್ಯಯನಕ್ಕಾಗಿ 1922ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಎ. ವಿ. ಹಿಲ್ ಈ ಮಾತನ್ನು ಬಳಕೆಗೆ ತಂದವರು. ಓಡುವಾಗ ಮಾಡಿದ ಸಾಲವನ್ನು ಆಮೇಲೆ ತೀರಿಸುತ್ತೇವೆ, ಶೇಖರವಾದ ಲ್ಯಾಕ್ಟಿಕ್ ಆಮ್ಲವನ್ನು ತೆಗೆದುಹಾಕಲು ಆ ಆಮ್ಲಜನಕ ಖರ್ಚಾಗುತ್ತದೆ ಎಂಬುದು ಅಂದಿನ ವಿವರಣೆ. ಅದರಲ್ಲಿ ಅರ್ಧ ಸತ್ಯವಿದೆ. ಕ್ರಿಯೇಟಿನ್ ಫಾಸ್ಫೇಟ್ ಮತ್ತೆ ತುಂಬಬೇಕು, ಸ್ನಾಯು ಮತ್ತು ರಕ್ತದಲ್ಲಿ ಕಡಿಮೆಯಾದ ಆಮ್ಲಜನಕ ಮರಳಬೇಕು, ಇವೆಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯುವ ಸಾಲ. ಆದರೆ ಆಮೇಲೂ ಉಸಿರು ವಿಶ್ರಾಂತಿಯ ಮಟ್ಟಕ್ಕಿಂತ ತುಸು ಮೇಲೆಯೇ ಇರುವುದಕ್ಕೆ ಏರಿದ ಮೈಬಿಸಿ, ರಕ್ತದಲ್ಲಿ ಇನ್ನೂ ಉಳಿದಿರುವ ಅಡ್ರಿನಲಿನ್, ಇನ್ನೂ ವೇಗವಾಗಿ ಬಡಿಯುತ್ತಿರುವ ಹೃದಯ ಇವೆಲ್ಲ ಕಾರಣ. ನಾಳೆ ಓಟ ನಿಲ್ಲಿಸಿದಾಗ ಗಮನವಿಟ್ಟು ನೋಡಿ. ನಿಂತ ಕೆಲವೇ ಸೆಕೆಂಡುಗಳಲ್ಲಿ ಉಸಿರು ಥಟ್ಟನೆ ಒಂದು ಮೆಟ್ಟಿಲು ಇಳಿಯುತ್ತದೆ, ಆಮೇಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಆ ಮೊದಲ ಮೆಟ್ಟಿಲು ಮಿದುಳಿನ ಆಜ್ಞೆಯೂ ಕಾಲುಗಳ ವರದಿಯೂ ನಿಂತುಹೋದದ್ದರ ಗುರುತು. ನಿಧಾನದ ಇಳಿತ ರಕ್ತ ತಿಳಿಯಾಗುತ್ತಿರುವುದರ ಗುರುತು. ಒಮ್ಮೆಲೇ ನಿಂತುಬಿಡುವುದಕ್ಕಿಂತ ಐದಾರು ನಿಮಿಷ ನಡೆಯುವುದು ಒಳ್ಳೆಯದು. ಕಾಲಿನ ಸ್ನಾಯುಗಳು ಹಿಂಡುತ್ತಿರುವವರೆಗೆ ಅಭಿಧಮನಿಗಳ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ನಿಂತ ತಕ್ಷಣ ಅದು ಅಗಲವಾಗಿ ತೆರೆದಿರುವ ಕಾಲಿನ ನಾಳಗಳಲ್ಲಿ ಇಳಿದು ನಿಂತು ತಲೆ ಸುತ್ತಿಸಬಲ್ಲದು.

ಇನ್ನೊಂದು ಮಾತು ನಿಮ್ಮ ಓಟದ ವೇಗದ ಬಗ್ಗೆ. ಕೆಲಸದ ಬಿರುಸು ಹೆಚ್ಚಿಸುತ್ತ ಹೋದಂತೆ ಒಂದು ಹಂತದವರೆಗೆ ಉಸಿರು ಆಮ್ಲಜನಕದ ಬಳಕೆಗೆ ಸರಿಸಮವಾಗಿ ಏರುತ್ತದೆ. ಆ ಹಂತ ದಾಟಿದ ಮೇಲೆ ಲ್ಯಾಕ್ಟೇಟ್ ತೆರವಾಗುವುದಕ್ಕಿಂತ ಬೇಗ ಸೇರುತ್ತದೆ, ಅದರೊಂದಿಗೆ ಬರುವ ಆಮ್ಲವನ್ನು ರಕ್ತದ ಬೈಕಾರ್ಬೊನೇಟ್ ಹೀರಿಕೊಳ್ಳುತ್ತದೆ, ಹಾಗೆ ಹೀರಿಕೊಂಡಾಗ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಇಂಧನ ಉರಿದು ಬಂದ ಇಂಗಾಲದ ಡೈಆಕ್ಸೈಡಿನ ಮೇಲೆ ಇದು ಹೆಚ್ಚುವರಿ ಹೊರೆ, ಅದನ್ನೂ ಉಸಿರೇ ಹೊರಹಾಕಬೇಕು; ಅದಕ್ಕೇ ಅಲ್ಲಿಂದಾಚೆ ಏದುಸಿರು ಕೆಲಸಕ್ಕೆ ಮೀರಿ ಏರುತ್ತದೆ. ವ್ಯಾಯಾಮದ ರೂಢಿಯಿಲ್ಲದವರಲ್ಲಿ ಈ ಗಡಿ ಅವರ ಗರಿಷ್ಠ ಸಾಮರ್ಥ್ಯದ ಶೇಕಡಾ 50ರಿಂದ 60ರಷ್ಟರಲ್ಲೇ ಎದುರಾಗುತ್ತದೆ, ಚೆನ್ನಾಗಿ ಪಳಗಿದವರಲ್ಲಿ ಶೇಕಡಾ 70ರಿಂದ 85ರವರೆಗೂ ಮುಂದೆ ಹೋಗಿರುತ್ತದೆ. ಇದನ್ನು ಗುರುತಿಸಲು ಪ್ರಯೋಗಾಲಯ ಬೇಕಿಲ್ಲ: ಓಡುತ್ತ ಒಂದೆರಡು ಪೂರ್ಣ ವಾಕ್ಯಗಳನ್ನು ಆರಾಮವಾಗಿ ಆಡಲು ಬಂದರೆ ನೀವು ಗಡಿಯ ಈಚೆ ಇದ್ದೀರಿ, ಮೂರು ನಾಲ್ಕು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ದಾಟಿದ್ದೀರಿ. ನೀವು ನಿಧಾನ ಎಂದುಕೊಂಡಿರುವ ವೇಗ ನಿಮ್ಮ ಈಗಿನ ದೇಹಕ್ಕೆ ನಿಧಾನವಲ್ಲದಿರಬಹುದು. ಕೆಲವು ವಾರ ಓಟ ಮತ್ತು ನಡಿಗೆಯನ್ನು ಬೆರೆಸಿಕೊಳ್ಳಲು ಹಿಂಜರಿಯಬೇಡಿ.

ಹಾಗಾದರೆ ನಿಜವಾದ ಮಿತಿ ಎಲ್ಲಿದೆ? ಒಂದು ಚಿಕ್ಕ ಲೆಕ್ಕ ಮಾಡೋಣ. ಒಂದು ಲೀಟರ್ ಅಪಧಮನಿಯ ರಕ್ತ ಸುಮಾರು 200 ಮಿಲಿಲೀಟರ್ ಆಮ್ಲಜನಕ ಹೊತ್ತಿರುತ್ತದೆ. ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ 5 ಲೀಟರ್ ರಕ್ತ ಹಾಯಿಸುತ್ತದೆ, ದೇಹ ಪ್ರತಿ ಲೀಟರಿನಿಂದ 50 ಮಿಲಿಲೀಟರ್ ಮಾತ್ರ ತೆಗೆದುಕೊಳ್ಳುತ್ತದೆ. ಒಟ್ಟು ಬಳಕೆ 250 ಮಿಲಿಲೀಟರ್. ಪೂರ್ಣ ಶಕ್ತಿಯ ಓಟದಲ್ಲಿ ಹೃದಯ 20 ಲೀಟರ್ ಹಾಯಿಸುತ್ತದೆ, ಪ್ರತಿ ಲೀಟರಿನಿಂದ 150 ಮಿಲಿಲೀಟರ್ ತೆಗೆಯಲಾಗುತ್ತದೆ. ಒಟ್ಟು ಬಳಕೆ 3 ಲೀಟರ್, ಅಂದರೆ ಹನ್ನೆರಡು ಪಟ್ಟು. ಹೀಗೆ ಹಾಯಿಸಿದ ರಕ್ತದಲ್ಲಿ ವಿಶ್ರಾಂತಿಯ ಹೊತ್ತಿನಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಪಡೆಯದ ಸ್ನಾಯುಗಳು ಓಟದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಎಳೆದುಕೊಳ್ಳುತ್ತವೆ, ಜೀರ್ಣಾಂಗಗಳಿಗೂ ಮೂತ್ರಪಿಂಡಗಳಿಗೂ ಹೋಗುವ ರಕ್ತ ಕಡಿತವಾಗುತ್ತದೆ. ಈ ಲೆಕ್ಕದಲ್ಲಿ ಶ್ವಾಸಕೋಶದ ಪಾಲು ಎಲ್ಲೂ ಕೊರತೆ ಬೀಳುವುದಿಲ್ಲ. ಹೃದಯ ಒಂದು ನಿಮಿಷದಲ್ಲಿ ಎಷ್ಟು ಲೀಟರ್ ಹಾಯಿಸಬಲ್ಲದು, ಸ್ನಾಯು ಒಂದು ಲೀಟರಿನಿಂದ ಎಷ್ಟು ತೆಗೆದುಕೊಳ್ಳಬಲ್ಲದು ಎಂಬ ಎರಡೇ ಅಂಕಿಗಳು ನಿಮ್ಮ ಮಿತಿಯನ್ನು ನಿರ್ಧರಿಸುತ್ತವೆ. ಗರಿಷ್ಠ ನಾಡಿ ಬಡಿತ ವಯಸ್ಸಿನೊಂದಿಗೆ ಇಳಿಯುತ್ತದೆ, ತರಬೇತಿಯಿಂದ ಅದು ಏರದು. ಆದರೆ ಒಂದೊಂದು ಬಡಿತಕ್ಕೆ ಹೊರಬರುವ ರಕ್ತವನ್ನು ಹೆಚ್ಚಿಸಬಹುದು.

ಮೂರನೆಯ ಅಂಕಿಯೊಂದು ಇದೆ, ಅದನ್ನು ನಿಮ್ಮ ಆಕ್ಸಿಮೀಟರ್ ಕಾಣದು. ರಕ್ತದಲ್ಲಿರುವ ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲು ಆಮ್ಲಜನಕ ತುಂಬಿಕೊಂಡಿದೆ ಎಂಬುದನ್ನು ಅದು ಹೇಳುತ್ತದೆ, ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಗಾಡಿಗಳು ತುಂಬಿವೆಯೇ ಎಂದು ನೋಡಿ ಗಾಡಿಗಳನ್ನು ಎಣಿಸದೆ ಬಿಟ್ಟಂತೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರಬಲ್ಲದು. ಅದು 100 ಮಿಲಿಲೀಟರ್ ರಕ್ತಕ್ಕೆ 15 ಗ್ರಾಂ ಇದ್ದಾಗ ಲೀಟರಿಗೆ 200 ಮಿಲಿಲೀಟರ್ ಸಾಗುತ್ತದೆ. 10 ಗ್ರಾಮಿಗೆ ಇಳಿದರೆ 134 ಮಾತ್ರ, ಆಗಲೂ ಬೆರಳಿನ ಮೇಲೆ 97 ಎಂದೇ ಕಾಣುತ್ತದೆ. ಸ್ವಲ್ಪ ದಣಿವಿಗೇ ಅತಿಯಾಗಿ ಏದುವವರಲ್ಲಿ, ಮುಖ್ಯವಾಗಿ ಮಹಿಳೆಯರಲ್ಲಿ, ರಕ್ತಹೀನತೆ ಕಾರಣವಾಗಿರುವುದು ಸಾಮಾನ್ಯ, ಮತ್ತು ಒಂದು ಸರಳ ರಕ್ತಪರೀಕ್ಷೆಯಲ್ಲಿ ಅದು ತಿಳಿದುಹೋಗುತ್ತದೆ. ಈ ಪರೀಕ್ಷೆಯನ್ನು ಮಾಡಿಸದೆ ವರ್ಷಗಟ್ಟಲೆ ತಮ್ಮ ಶ್ವಾಸಕೋಶವನ್ನೇ ದೂರುತ್ತ ಕುಳಿತವರನ್ನು ಕಂಡಿದ್ದೇನೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅಭ್ಯಾಸದಿಂದ ದೇಹದಲ್ಲಿ ಏನು ಬದಲಾಗುತ್ತದೆ ಎಂಬುದಕ್ಕೆ ಈಗ ಉತ್ತರಿಸುವುದು ಸುಲಭ. ಮೊದಲ ಒಂದೆರಡು ವಾರಗಳಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ತುಂಬಿಕೊಂಡು ಹೆಚ್ಚು ಹೊರಹಾಕುತ್ತದೆ, ಹಾಗಾಗಿ ಅದೇ ವೇಗದ ಓಟಕ್ಕೆ ನಾಡಿ ಕಡಿಮೆ ಬಡಿಯುತ್ತದೆ. ವಾರಗಳು ತಿಂಗಳುಗಳು ಕಳೆದಂತೆ ಸ್ನಾಯುವಿನೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಎಂಬ ಕಣಗಳು ಹೆಚ್ಚುತ್ತವೆ, ಅವುಗಳ ಸುತ್ತ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಹೊಸದಾಗಿ ಹುಟ್ಟುತ್ತವೆ, ಸ್ನಾಯು ಕೊಬ್ಬನ್ನು ಹೆಚ್ಚಾಗಿಯೂ ಗ್ಲೈಕೋಜನ್ನನ್ನು ಕಡಿಮೆಯಾಗಿಯೂ ಉರಿಸಲು ಕಲಿಯುತ್ತದೆ. ಪರಿಣಾಮವಾಗಿ ಅದೇ ವೇಗಕ್ಕೆ ಲ್ಯಾಕ್ಟೇಟ್ ಕಡಿಮೆ, ಹೊರಹಾಕಬೇಕಾದ ಇಂಗಾಲದ ಡೈಆಕ್ಸೈಡ್ ಕಡಿಮೆ, ಉಸಿರೂ ಕಡಿಮೆ. ಗಾಳಿಗೂಡುಗಳು ಮಾತ್ರ ಹೆಚ್ಚುವುದಿಲ್ಲ. ಶ್ವಾಸಕೋಶದ ಗಾತ್ರವನ್ನು ನಿರ್ಧರಿಸುವುದು ಮುಖ್ಯವಾಗಿ ಎತ್ತರ, ವಯಸ್ಸು ಮತ್ತು ಲಿಂಗ. ವಯಸ್ಕರಲ್ಲಿ ಓಟದಿಂದ ಅದು ಗಣನೀಯವಾಗಿ ಹಿಗ್ಗದು. ಆದ್ದರಿಂದ ಮೂರು ತಿಂಗಳ ನಂತರ ನೀವು ಏದದೆ ಓಡಿದಾಗ ಶ್ವಾಸಕೋಶ ಬಲವಾಯಿತು ಎಂದು ಯಾರಾದರೂ ಹೇಳಿದರೆ, ಬದಲಾಗಿರುವುದು ನಿಮ್ಮ ಹೃದಯ ಮತ್ತು ಕಾಲುಗಳು ಎಂದು ಅವರಿಗೆ ತಿಳಿಸಿ. ಕಾಲು ಪಳಗಿದಾಗ ಉಸಿರಿಗೆ ಕೆಲಸ ಕಡಿಮೆಯಾಗುತ್ತದೆ.

ಇಪ್ಪತ್ತು ವರ್ಷ ಕುಳಿತು ಕಳೆದದ್ದಕ್ಕೆ ನಿಮ್ಮ ಪತ್ರದಲ್ಲಿ ಸ್ವಲ್ಪ ಬೇಸರ ಕಾಣುತ್ತದೆ, ಅದಕ್ಕಾಗಿ ಒಂದು ಪ್ರಸಿದ್ಧ ಪ್ರಯೋಗವನ್ನು ಹೇಳುತ್ತೇನೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಆರೋಗ್ಯವಂತರಾದ ಐವರು ತರುಣರನ್ನು ಮೂರು ವಾರ ಹಾಸಿಗೆಯ ಮೇಲೆಯೇ ಇರಿಸಿದರು. ಅವರ ಗರಿಷ್ಠ ಆಮ್ಲಜನಕ ಬಳಕೆ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯಿತು, ಮುಖ್ಯವಾಗಿ ಹೃದಯ ಹಾಯಿಸುವ ರಕ್ತ ಕಡಿಮೆಯಾದದ್ದರಿಂದ. ಎರಡು ತಿಂಗಳ ತರಬೇತಿಯಲ್ಲಿ ಅದು ಮರಳಿ ಏರಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ್ದ ನಷ್ಟವೇ ಹೆಚ್ಚೆಂದು ಕಂಡುಬಂತು. ಐದೇ ಜನರ ಮೇಲಿನ ಪ್ರಯೋಗವಾದರೂ ಇದರ ತಿರುಳು ಆಮೇಲಿನ ತಿಳಿವಳಿಕೆಗೆ ಹೊಂದುತ್ತದೆ: ನೀವು ಕಳೆದುಕೊಂಡಿರುವುದರಲ್ಲಿ ವಯಸ್ಸಿನ ಪಾಲಿಗಿಂತ ನಿಶ್ಚಲತೆಯ ಪಾಲು ದೊಡ್ಡದಿರಬಹುದು, ಮತ್ತು ಆ ಪಾಲು ಮರಳಿ ಬರುವಂಥದ್ದು.

ಮೂಗು ಮತ್ತು ಬಾಯಿಯ ವಿಚಾರ. ಮೂಗು ಗಾಳಿಯನ್ನು ಸೋಸುತ್ತದೆ, ಬೆಚ್ಚಗೆ ಮಾಡುತ್ತದೆ, ತೇವಗೊಳಿಸುತ್ತದೆ. ನಡಿಗೆಯಲ್ಲೂ ಹಗುರವಾದ ಓಟದಲ್ಲೂ ಅದೇ ಸಾಕು. ನಿಮಿಷಕ್ಕೆ ಸುಮಾರು 35ರಿಂದ 40 ಲೀಟರ್ ದಾಟಿದ ಮೇಲೆ ಮೂಗಿನ ಇಕ್ಕಟ್ಟಿನಲ್ಲಿ ಗಾಳಿ ಎಳೆಯುವುದೇ ದೊಡ್ಡ ಕೆಲಸವಾಗುವುದರಿಂದ ಹೆಚ್ಚಿನವರು ತಮಗೆ ತಿಳಿಯದೆಯೇ ಬಾಯಿಯನ್ನೂ ತೆರೆಯುತ್ತಾರೆ. ಅದನ್ನು ಬಲವಂತವಾಗಿ ತಡೆಯಬೇಕಿಲ್ಲ. ಬಿರುಸಿನ ಓಟದಲ್ಲಿ ಉಸಿರಾಟದ ಸ್ನಾಯುಗಳೇ ದೇಹದ ಒಟ್ಟು ಆಮ್ಲಜನಕದಲ್ಲಿ ಶೇಕಡಾ 10ಕ್ಕೂ ಹೆಚ್ಚು ಬಳಸುತ್ತವೆ. ಅವುಗಳ ಹೊರೆ ಹೆಚ್ಚಿಸಿದರೆ ಕಾಲಿಗೆ ಸಿಗಬೇಕಾದದ್ದರಲ್ಲಿ ಪಾಲು ಹೋಗುತ್ತದೆ.

ದೀರ್ಘ ಉಸಿರಿನ ಅಭ್ಯಾಸದಿಂದ ಶ್ವಾಸಕೋಶ ಹಿಗ್ಗದಿದ್ದರೂ ಅದರಿಂದ ಪ್ರಯೋಜನವಿಲ್ಲವೆಂದಲ್ಲ. ಗಂಟಲು ಮತ್ತು ಗಾಳಿಕೊಳವೆಗಳಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಪ್ರತಿ ಉಸಿರಿನಲ್ಲೂ ಗಾಳಿಗೂಡನ್ನು ತಲುಪದೆ ಹಾಗೆಯೇ ಹಿಂದಿರುಗುತ್ತದೆ. ಅರ್ಧ ಲೀಟರಿನಂತೆ 14 ಬಾರಿ ಉಸಿರಾಡಿದರೆ ನಿಮಿಷಕ್ಕೆ 7 ಲೀಟರ್, ಅದರಲ್ಲಿ ಕೆಲಸಕ್ಕೆ ಬರುವುದು 4.9 ಲೀಟರ್. ಕಾಲು ಲೀಟರಿನಂತೆ 28 ಬಾರಿ ಉಸಿರಾಡಿದರೂ ಒಟ್ಟು 7 ಲೀಟರೇ, ಆದರೆ ಕೆಲಸಕ್ಕೆ ಬರುವುದು 2.8 ಲೀಟರ್ ಮಾತ್ರ. ಗಾಬರಿಯಿಂದ ಮೇಲುಮೇಲಿನ ಚಿಕ್ಕ ಉಸಿರು ತೆಗೆದುಕೊಳ್ಳುವವರು ಶ್ರಮ ಪಟ್ಟೂ ಫಲ ಕಾಣದಿರುವುದು ಹೀಗೆ. ಓಡುವಾಗ ಉಸಿರನ್ನು ಪೂರ್ತಿ ಹೊರಬಿಡುವುದರ ಕಡೆ ಗಮನ ಕೊಡಿ, ಒಳಗೆಳೆಯುವುದು ತಾನಾಗಿಯೇ ಆಳವಾಗುತ್ತದೆ. ಓಟಕ್ಕೆ ಮೊದಲು ಬೇಕೆಂದೇ ಜೋರಾಗಿ ಹಲವು ಬಾರಿ ಉಸಿರಾಡಿ ಆಮ್ಲಜನಕ ತುಂಬಿಕೊಳ್ಳುವ ಪ್ರಯತ್ನವನ್ನು ಮಾತ್ರ ಮಾಡಬೇಡಿ. ಮೊದಲೇ 97 ಇರುವಲ್ಲಿ ತುಂಬಲು ಜಾಗವಿಲ್ಲ. ಹೊರಹೋಗುವುದು ಇಂಗಾಲದ ಡೈಆಕ್ಸೈಡ್, ಅದು ಕಡಿಮೆಯಾದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರವಾಗುತ್ತದೆ, ಬೆರಳ ತುದಿಗಳು ಜುಮುಗುಡುತ್ತವೆ. ಈಜುವವರು ಹೀಗೆ ಮಾಡಿ ನೀರಿನಡಿ ಹೋಗುವುದು ಪ್ರಾಣಾಪಾಯ, ಏಕೆಂದರೆ ಮೇಲೆ ಬಾ ಎಂದು ಎಚ್ಚರಿಸಬೇಕಾದ ಅನಿಲವನ್ನೇ ಅವರು ಹೊರಹಾಕಿರುತ್ತಾರೆ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಇಳಿದು ಪ್ರಜ್ಞೆ ತಪ್ಪುತ್ತದೆ.

ಇಷ್ಟೆಲ್ಲ ಹೇಳಿದ್ದು ಆರೋಗ್ಯವಂತ ದೇಹದ ಏದುಸಿರಿನ ಬಗ್ಗೆ. ನೀವು ವಿವರಿಸಿದ ರೀತಿ, ಅಂದರೆ ಆರಂಭದಲ್ಲಿ ಕಷ್ಟ, ನಂತರ ಸಲೀಸು, ನಿಲ್ಲಿಸಿದ ಕೆಲವು ನಿಮಿಷಗಳಲ್ಲಿ ಶಮನ, ಅದಕ್ಕೆ ಹೊಂದುತ್ತದೆ. ಆದರೆ ಓಡುವಾಗ ಎದೆ, ಭುಜ ಅಥವಾ ದವಡೆಯಲ್ಲಿ ನೋವು ಇಲ್ಲವೇ ಬಿಗಿತ, ತಲೆ ಸುತ್ತಿ ಬೀಳುವಂತಾಗುವುದು, ನಾಡಿ ತಾಳತಪ್ಪಿ ಬಡಿಯುವುದು, ಮಲಗಿದಾಗ ಉಸಿರು ಕಟ್ಟುವುದು, ಕಾಲು ಊದುವುದು, ಇವುಗಳಲ್ಲಿ ಯಾವುದು ಕಂಡರೂ ಓಟ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ. ಓಟ ಮುಗಿಸಿದ ಐದರಿಂದ ಹದಿನೈದು ನಿಮಿಷಗಳಲ್ಲಿ ಏದುಸಿರು ಇಳಿಯುವ ಬದಲು ಏರಿ, ಕೆಮ್ಮು ಅಥವಾ ಎದೆಯಲ್ಲಿ ಸುಂಯ್ ಎನ್ನುವ ಸದ್ದು ಬಂದರೆ ಅದು ವ್ಯಾಯಾಮದಿಂದ ಗಾಳಿಕೊಳವೆಗಳು ಬಿಗಿಯುವ ಸ್ಥಿತಿಯಾಗಿರಬಹುದು. ಒಣ ತಂಪು ಗಾಳಿಯಲ್ಲಿ ಅದು ಹೆಚ್ಚು, ಮತ್ತು ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ನಿಮ್ಮ ವಯಸ್ಸಿಗೆ, ಇಷ್ಟು ವರ್ಷಗಳ ಬಿಡುವಿನ ನಂತರ, ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿಕೊಂಡು, ವೈದ್ಯರೊಂದಿಗೆ ಮಾತನಾಡಿಯೇ ವೇಗ ಹೆಚ್ಚಿಸುವುದು ಸರಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವು ಮಾತ್ರೆಗಳು ನಾಡಿ ಏರುವುದನ್ನೇ ತಡೆಯುತ್ತವೆ.

ಅಳೆದು ನೋಡುವ ನಿಮ್ಮ ಅಭ್ಯಾಸವನ್ನು ಬಿಡಬೇಡಿ, ಅಳೆಯುವ ವಸ್ತುವನ್ನು ಬದಲಾಯಿಸಿ. ಆಕ್ಸಿಮೀಟರಿನಲ್ಲಿ ಆಮ್ಲಜನಕದ ಅಂಕಿ ಇಂದೂ 97, ಆರು ತಿಂಗಳ ನಂತರವೂ 97. ಅದರ ಪಕ್ಕದಲ್ಲಿರುವ ನಾಡಿಯ ಅಂಕಿಯನ್ನು ಓಟ ನಿಲ್ಲಿಸಿದ ತಕ್ಷಣ ಒಮ್ಮೆ, ಸರಿಯಾಗಿ ಒಂದು ನಿಮಿಷದ ನಂತರ ಇನ್ನೊಮ್ಮೆ ಬರೆದಿಡಿ. ಅದೇ ದಾರಿ, ಅದೇ ವೇಗ, ದಿನದ ಅದೇ ಹೊತ್ತು ಇರಲಿ. ಮೊದಲ ಅಂಕಿ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಎರಡರ ನಡುವಿನ ಅಂತರ ಹಿಗ್ಗುತ್ತಿದ್ದರೆ, ನಿಮ್ಮ ಹೃದಯ ಮತ್ತು ಸ್ನಾಯುಗಳು ಬದಲಾಗುತ್ತಿವೆ ಎಂದು ತಿಳಿಯಿರಿ. ಎಂಟು ವಾರಗಳ ಅಂಕಿಗಳನ್ನು ನನಗೂ ಬರೆದು ಕಳುಹಿಸಿದರೆ ಮುಂದಿನ ವೇಗದ ಬಗ್ಗೆ ಹೆಚ್ಚು ಖಚಿತವಾಗಿ ಹೇಳಬಲ್ಲೆ.